ದಾವೆಯ ನಡುವೆ ಮೇಲ್ಮನವಿ: ಎಲ್ಲಿ ಉಂಟು, ಎಲ್ಲಿ ಇಲ್ಲ?



‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ನೀವು ಮನೆಯ ಹಿರಿಯರ ಬಾಯಲ್ಲಿ ಕೇಳಿರುತ್ತೀರಿ. ವ್ಯಾಜ್ಯವೆಂದರೆ ಮುಗಿಯದ ಕತೆ ಎಂಬ ಬೇಸರ ಆ ಮಾತಿನಲ್ಲಿದೆ. ಸಿವಿಲ್ ದಾವೆಗಳು ವರ್ಷಗಟ್ಟಲೆ ಎಳೆಯಲು ಕಾರಣಗಳು ಹಲವು. ಅವುಗಳಿಗೆ ಸಂಬಂಧಿಸಿದ ಒಂದೇ ಒಂದು ಪ್ರಶ್ನೆಯನ್ನು ಇಂದು ಎತ್ತಿಕೊಳ್ಳೋಣ. ದಾವೆ ಇನ್ನೂ ನಡೆಯುತ್ತಿರುವಾಗ ನ್ಯಾಯಾಧೀಶರು ಆಗಾಗ ಆದೇಶಗಳನ್ನು ಕೊಡುತ್ತಾರೆ. ಅಂಥ ಒಂದೊಂದು ಆದೇಶದ ಮೇಲೂ ಮೇಲಿನ ನ್ಯಾಯಾಲಯಕ್ಕೆ ಹೋಗಬಹುದೇ?

‘ತಪ್ಪು ಆದೇಶವಾದರೆ ಹೋಗಲೇಬೇಕಲ್ಲವೇ?’ ಎಂದು ನಿಮಗೆ ಅನ್ನಿಸುವುದು ಸಹಜ. ಆದರೆ ನಮ್ಮ ಕಾನೂನಿನ ಉತ್ತರ ಬೇರೆ. ಸಾಮಾನ್ಯವಾಗಿ ಹೋಗುವಂತಿಲ್ಲ, ಕೊನೆಯವರೆಗೆ ಕಾಯಬೇಕು. ಕೆಲವು ಆದೇಶಗಳಿಗೆ ಮಾತ್ರ ವಿನಾಯಿತಿ ಉಂಟು. ಈ ಉತ್ತರದ ಹಿಂದಿನ ತರ್ಕವನ್ನು ಅರಿತುಕೊಳ್ಳುವುದು ಕಾನೂನು ಓದುವವರಿಗಷ್ಟೇ ಸೇರಿದ ವಿಷಯವಲ್ಲ. ನಾಳೆ ನಿಮ್ಮ ಮನೆಯ ಜಮೀನಿನ ಕಾಗದ ಹಿಡಿದು ವಕೀಲರ ಮುಂದೆ ಕೂರುವವರು ನೀವೇ ಆಗಿರಬಹುದು.

ಮೊದಲು ಎರಡು ಶಬ್ದಗಳನ್ನು ಬಿಡಿಸಿಕೊಳ್ಳೋಣ. ಭಾರತದಲ್ಲಿ ಸಿವಿಲ್ ದಾವೆಗಳು ನಡೆಯುವುದು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಪ್ರಕಾರ. ದಾವೆಯಲ್ಲಿ ವಾದಿಗೂ ಪ್ರತಿವಾದಿಗೂ ಇರುವ ಹಕ್ಕುಗಳನ್ನು ನ್ಯಾಯಾಲಯ ತನ್ನ ಮಟ್ಟಿಗೆ ನಿರ್ಣಾಯಕವಾಗಿ ತೀರ್ಮಾನಿಸಿದಾಗ ಅದು ‘ಡಿಕ್ರಿ’. ಡಿಕ್ರಿ ಅಲ್ಲದ ಇತರ ತೀರ್ಮಾನಗಳು ‘ಆದೇಶ’. ಡಿಕ್ರಿಯ ವಿರುದ್ಧ ಮೇಲ್ಮನವಿ ಸಲ್ಲಿಸುವ ಹಕ್ಕನ್ನು ಸಂಹಿತೆಯ 96ನೇ ಕಲಂ ಕೊಡುತ್ತದೆ. ದಾವೆ ಮುಗಿಯುವ ಮುನ್ನ, ದಾರಿಯ ನಡುವೆ ಬರುವ ಆದೇಶಗಳಿಗೆ ಮಧ್ಯಂತರ ಆದೇಶಗಳೆಂದು ಹೆಸರು. ಇಂಥ ಆದೇಶ ಬೇಡಿ ಸಲ್ಲಿಸುವ ಅರ್ಜಿಯನ್ನು ಕೋರ್ಟಿನ ಆವರಣದಲ್ಲಿ ಎಲ್ಲರೂ ‘ಐ.ಎ.’ ಎಂದೇ ಕರೆಯುತ್ತಾರೆ.

ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಂಡರೆ ವಿಷಯ ಹಗುರವಾಗುತ್ತದೆ. ತಿಪಟೂರಿನ ಕಡೆ ಒಂದು ಕುಟುಂಬ. ತಂದೆ ತೀರಿಕೊಂಡಿದ್ದಾರೆ. ಪಿತ್ರಾರ್ಜಿತವಾದ ಒಂದು ತೆಂಗಿನ ತೋಟವಿದೆ. ತೋಟ ತಮ್ಮನ ಸ್ವಾಧೀನದಲ್ಲಿದೆ. ತನ್ನ ಪಾಲು ಬೇಕೆಂದು ಅಕ್ಕ ವಿಭಾಗದ ದಾವೆ ಹೂಡುತ್ತಾಳೆ. ದಾವೆ ಹೂಡಿದ ಸುದ್ದಿ ತಿಳಿಯುತ್ತಲೇ ತಮ್ಮ ಮರ ಕಡಿಸಲು ಹೊರಡುತ್ತಾನೆ. ‘ದಾವೆ ಮುಗಿಯುವವರೆಗೆ ಮರ ಕಡಿಯಬಾರದು, ತೋಟ ಮಾರಬಾರದು’ ಎಂದು ತಡೆಯಾಜ್ಞೆ ಬೇಡಿ ಅಕ್ಕ ಅರ್ಜಿ ಹಾಕುತ್ತಾಳೆ. ‘ಈ ದಾವೆಯೇ ನಿಲ್ಲುವುದಿಲ್ಲ, ವಾದಪತ್ರವನ್ನು ತಿರಸ್ಕರಿಸಿ’ ಎಂದು ತಮ್ಮ ಇನ್ನೊಂದು ಅರ್ಜಿ ಹಾಕುತ್ತಾನೆ. ಬಿಟ್ಟುಹೋದ ಒಂದು ಸರ್ವೆ ನಂಬರನ್ನು ಸೇರಿಸಲು ವಾದಪತ್ರಕ್ಕೆ ತಿದ್ದುಪಡಿ ಬೇಕೆಂದು ಅಕ್ಕ. ಸಾಕ್ಷಿಯೊಬ್ಬರನ್ನು ಮತ್ತೆ ಕರೆಸಿ ಪಾಟೀಸವಾಲು ಮಾಡಬೇಕೆಂದು ತಮ್ಮ. ಜಾಗ ನೋಡಿ ವರದಿ ಕೊಡಲು ಕೋರ್ಟ್ ಕಮಿಷನರನ್ನು ನೇಮಿಸಬೇಕೆಂದು ಇನ್ನೊಂದು ಅರ್ಜಿ. ಹೀಗೆ ಒಂದೇ ದಾವೆಯ ಹೊಟ್ಟೆಯಲ್ಲಿ ಹತ್ತಾರು ಅರ್ಜಿಗಳು ಹುಟ್ಟುತ್ತವೆ. ಪ್ರತಿಯೊಂದರಲ್ಲೂ ಒಬ್ಬರು ಗೆಲ್ಲುತ್ತಾರೆ, ಇನ್ನೊಬ್ಬರು ಸೋಲುತ್ತಾರೆ.

ಈಗ ಒಂದು ಸಣ್ಣ ಲೆಕ್ಕ. ಇಂಥ ಹತ್ತು ಆದೇಶಗಳಾದವು ಎನ್ನೋಣ. ಸೋತವರು ಪ್ರತಿ ಸಲವೂ ಮೇಲಿನ ಕೋರ್ಟಿಗೆ ಹೋದರು, ಅಲ್ಲಿ ಪ್ರತಿಯೊಂದಕ್ಕೂ ಆರು ತಿಂಗಳು ಹಿಡಿಯಿತು, ಅಷ್ಟು ಕಾಲ ಕೆಳಗಿನ ದಾವೆ ಕಾದು ಕುಳಿತಿತು ಎಂದಿಟ್ಟುಕೊಳ್ಳಿ. ಹತ್ತು ಸಲ ಆರು ಎಂದರೆ 60 ತಿಂಗಳು, ಐದು ವರ್ಷ. ಅಲ್ಲಿಂದಲೂ ಮೇಲಕ್ಕೆ ಇನ್ನೊಂದು ಮೆಟ್ಟಿಲು ಇದ್ದರೆ ಹತ್ತು ವರ್ಷ. ಇಷ್ಟಾದರೂ ತೋಟದಲ್ಲಿ ಅಕ್ಕನ ಪಾಲೆಷ್ಟು ಎಂಬ ಮೂಲ ಪ್ರಶ್ನೆಯನ್ನು ಯಾರೂ ಮುಟ್ಟಿಯೇ ಇಲ್ಲ! ಕೈಯಲ್ಲಿ ಹಣವಿದ್ದು, ಕಾಲ ತಳ್ಳುವುದರಿಂದಲೇ ಲಾಭ ಪಡೆಯುವ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಆಯುಧ ಇನ್ನೊಂದಿಲ್ಲ.

ಈ ಅಪಾಯವನ್ನು ಹಿಂದಿನವರು ಬಹಳ ಮೊದಲೇ ಗುರುತಿಸಿದ್ದರು. ಬ್ರಿಟಿಷ್ ಭಾರತದ ಮೊದಲ ಸಿವಿಲ್ ಪ್ರಕ್ರಿಯಾ ಸಂಹಿತೆ ಬಂದದ್ದು 1859ರಲ್ಲಿ. ಡಿಕ್ರಿಗೆ ಮುನ್ನ ದಾವೆಯ ನಡುವೆ ಹೊರಡಿಸಿದ ಆದೇಶದ ಮೇಲೆ ಮೇಲ್ಮನವಿ ಇಲ್ಲ ಎಂದು ಅದರ 363ನೇ ಕಲಂ ಹೇಳಿತ್ತು. ಆ ಆದೇಶದಲ್ಲಿನ ದೋಷವನ್ನು ಡಿಕ್ರಿಯ ಮೇಲಿನ ಮೇಲ್ಮನವಿಯಲ್ಲಿ ಎತ್ತಿ ತೋರಿಸಬಹುದು ಎಂದೂ ಅದೇ ಕಲಂ ಹೇಳಿತ್ತು. ಅದೇ 1859ರಲ್ಲಿ ಬಂಗಾಳದ ಒಂದು ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲ್ ಮುಂದೆ ಬಂತು. ನಡುವಿನ ಆದೇಶವನ್ನು ಆಗಲೇ ಪ್ರಶ್ನಿಸದವನು ಮುಂದೆ ಪ್ರಶ್ನಿಸುವ ಹಕ್ಕನ್ನೇ ಕಳೆದುಕೊಳ್ಳುತ್ತಾನೆಯೇ ಎಂಬುದು ಅಲ್ಲಿನ ಪ್ರಶ್ನೆ. ಇಲ್ಲ ಎಂದಿತು ಪ್ರಿವಿ ಕೌನ್ಸಿಲ್. ಪ್ರತಿಯೊಂದು ಆದೇಶಕ್ಕೂ ಮೇಲ್ಮನವಿ ಹಾಕಲೇಬೇಕೆಂಬ ನಿಯಮವಿದ್ದರೆ ಕಕ್ಷಿದಾರನು ಕೊನೆಯಿಲ್ಲದ ಖರ್ಚಿಗೂ ವಿಳಂಬಕ್ಕೂ ಸಿಕ್ಕಿಕೊಳ್ಳುತ್ತಾನೆ, ಎದುರಾಳಿಗೂ ಅದೇ ಸಂಕಟವನ್ನು ತಂದೊಡ್ಡುತ್ತಾನೆ ಎಂಬುದು ಅದು ಕೊಟ್ಟ ಕಾರಣದ ತಾತ್ಪರ್ಯ.

ನೂರು ವರ್ಷಗಳ ನಂತರ, 1960ರಲ್ಲಿ, ನಮ್ಮ ಸುಪ್ರೀಂ ಕೋರ್ಟ್ ಕಲ್ಕತ್ತೆಯ ಮಾಲೀಕರು ಮತ್ತು ಬಾಡಿಗೆದಾರರ ನಡುವಿನ ಒಂದು ವ್ಯಾಜ್ಯದಲ್ಲಿ ಆ ಹಳೆಯ ಮಾತನ್ನೇ ನೆನೆಯಿತು. ಪ್ರಕರಣದ ನಡುವೆ ಹೈಕೋರ್ಟ್ ಕೊಟ್ಟಿದ್ದ ಒಂದು ಆದೇಶವನ್ನು ಮಾಲೀಕರು ಆಗ ಪ್ರಶ್ನಿಸಿರಲಿಲ್ಲ. ಕೊನೆಯಲ್ಲಿ ಪ್ರಶ್ನಿಸಿದಾಗ, ಕಾಲ ಮೀರಿತು, ಆ ವಿಷಯ ಆಗಲೇ ತೀರ್ಮಾನವಾಗಿಹೋಗಿದೆ ಎಂದು ಎದುರು ಪಕ್ಷ ವಾದಿಸಿತು. ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ದಾವೆಯನ್ನು ಕೊನೆಗಾಣಿಸದ ಮಧ್ಯಂತರ ಆದೇಶವನ್ನು ಆಗ ಪ್ರಶ್ನಿಸದಿದ್ದರೂ ಅಂತಿಮ ತೀರ್ಪಿನ ಮೇಲಿನ ಮೇಲ್ಮನವಿಯಲ್ಲಿ ಪ್ರಶ್ನಿಸಬಹುದು ಎಂದಿತು.

ಇಂದಿನ ಸಂಹಿತೆಯಲ್ಲಿ ಈ ತತ್ತ್ವ 105ನೇ ಕಲಮಿನಲ್ಲಿದೆ. ಬೇರೆ ರೀತಿ ಹೇಳದ ಹೊರತು ಆದೇಶದ ಮೇಲೆ ಮೇಲ್ಮನವಿ ಇಲ್ಲ. ಆದರೆ ಮುಂದೆ ಡಿಕ್ರಿಯ ವಿರುದ್ಧ ಮೇಲ್ಮನವಿ ಹೋದಾಗ, ಪ್ರಕರಣದ ತೀರ್ಮಾನದ ಮೇಲೆ ಪರಿಣಾಮ ಬೀರಿದ ಯಾವುದೇ ಆದೇಶದ ತಪ್ಪನ್ನು ಅಲ್ಲಿ ಆಕ್ಷೇಪವಾಗಿ ಎತ್ತಬಹುದು. ನಮ್ಮ ಉದಾಹರಣೆಯ ತಮ್ಮನನ್ನು ನೋಡಿ. ಸಾಕ್ಷಿಯನ್ನು ಮತ್ತೆ ಕರೆಸಲು ಕೋರ್ಟು ಒಪ್ಪಲಿಲ್ಲ. ಅವನು ಅಂದೇ ಮೇಲ್ಮನವಿಗೆ ಓಡುವಂತಿಲ್ಲ. ದಾವೆಯನ್ನು ಅವನೇ ಗೆದ್ದರೆ ಆ ಆದೇಶದ ಚಿಂತೆಯೇ ಉಳಿಯುವುದಿಲ್ಲ. ಸೋತರೆ, ಆ ಸಾಕ್ಷ್ಯ ಬಂದಿದ್ದರೆ ತೀರ್ಪು ಬದಲಾಗುತ್ತಿತ್ತು ಎಂದು ಮೇಲಿನ ಕೋರ್ಟಿನಲ್ಲಿ ತೋರಿಸಬಹುದು. ಹಕ್ಕು ಹೋಗಿಲ್ಲ, ಅದರ ಸರದಿ ಮುಂದಕ್ಕೆ ಹೋಗಿದೆ. ಉತ್ತರಪತ್ರಿಕೆಯ ಮರುಮೌಲ್ಯಮಾಪನವನ್ನು ನೀವು ಫಲಿತಾಂಶ ಬಂದ ಮೇಲೆ ಕೇಳುತ್ತೀರಿ. ಪರೀಕ್ಷಕರು ಒಂದೊಂದು ಉತ್ತರಕ್ಕೆ ಅಂಕ ಹಾಕುವಾಗಲೂ ಕೈ ಹಿಡಿದು ನಿಲ್ಲಿಸುವುದಿಲ್ಲವಷ್ಟೆ.

ಆದರೆ ಎಲ್ಲವೂ ಕಾಯುವಂಥದ್ದೇ? ಇಲ್ಲಿ ವಿಜ್ಞಾನದ ಪಾಠವೊಂದು ನಮ್ಮ ನೆರವಿಗೆ ಬರುತ್ತದೆ. ಮಂಜುಗಡ್ಡೆ ಕರಗಿ ನೀರಾದರೆ ಅದನ್ನು ಮತ್ತೆ ಮಂಜುಗಡ್ಡೆ ಮಾಡಬಹುದು. ಕಾಗದ ಉರಿದು ಬೂದಿಯಾದರೆ ಬೂದಿಯಿಂದ ಕಾಗದ ಬರುವುದಿಲ್ಲ. ಮೊದಲನೆಯದು ಹಿಂದಿರುಗಿಸಬಹುದಾದ ಬದಲಾವಣೆ, ಎರಡನೆಯದು ಹಿಂದಿರುಗಿಸಲಾಗದ ಬದಲಾವಣೆ. ಸಾಕ್ಷಿಯನ್ನು ಕರೆಸಲು ನಿರಾಕರಿಸಿದ ಆದೇಶ ಮೊದಲನೆಯ ಜಾತಿಯದು. ಆ ಸಾಕ್ಷಿಯನ್ನು ಮುಂದೆ ಮತ್ತೆ ಕರೆಸಬಹುದು. ಆದರೆ ತಡೆಯಾಜ್ಞೆ ನಿರಾಕರಿಸಿದ ಆದೇಶ? ನಾಳೆ ಬೆಳಿಗ್ಗೆಯೇ ಮರಗಳು ನೆಲಕ್ಕುರುಳುತ್ತವೆ. ಐದು ವರ್ಷಗಳ ನಂತರ ಅಕ್ಕ ಗೆದ್ದರೂ ಅವಳ ಕೈಗೆ ಬರುವುದು ತೆಂಗಿನ ತೋಟವಲ್ಲ, ಬೋಳು ನೆಲ. ಹಾಗೆಯೇ, ಅನ್ಯಾಯವಾಗಿ ತಡೆಯಾಜ್ಞೆ ಹೇರಿಸಿಕೊಂಡವನ ಕಷ್ಟವೂ ಸಣ್ಣದಲ್ಲ. ಅರ್ಧ ಕಟ್ಟಿದ ಮನೆ ಮಳೆಗೆ ನೆನೆಯುತ್ತಾ ನಿಂತಿರುತ್ತದೆ, ಸಾಲದ ಬಡ್ಡಿ ಏರುತ್ತಿರುತ್ತದೆ.

ಇಂಥ ಆದೇಶಗಳಿಗಾಗಿಯೇ ಕಾನೂನು ಒಂದು ಪಟ್ಟಿ ಮಾಡಿದೆ. ಸಂಹಿತೆಯ 104ನೇ ಕಲಂ ಮತ್ತು ‘ಆರ್ಡರ್ 43’ ಎಂಬ ಅಧ್ಯಾಯದ ಮೊದಲ ನಿಯಮದಲ್ಲಿ ಆ ಪಟ್ಟಿ ಸಿಗುತ್ತದೆ. ತಾತ್ಕಾಲಿಕ ತಡೆಯಾಜ್ಞೆ ಕೊಟ್ಟರೂ ಮೇಲ್ಮನವಿ ಉಂಟು, ನಿರಾಕರಿಸಿದರೂ ಉಂಟು. ಆಸ್ತಿಯನ್ನು ನೋಡಿಕೊಳ್ಳಲು ರಿಸೀವರ್ ನೇಮಿಸುವ ಆದೇಶದ ಮೇಲೆ ಉಂಟು. ಪ್ರತಿವಾದಿ ಹಾಜರಿಲ್ಲದಾಗ ಆದ ಏಕಪಕ್ಷೀಯ ಡಿಕ್ರಿಯನ್ನು ರದ್ದುಮಾಡಲು ಕೋರ್ಟು ಒಪ್ಪದಿದ್ದರೆ ಉಂಟು. ವಾದಿ ಹಾಜರಾಗದೆ ವಜಾ ಆದ ದಾವೆಯನ್ನು ಮತ್ತೆ ಎತ್ತಿಕೊಳ್ಳಲು ನಿರಾಕರಿಸಿದರೆ ಉಂಟು. ವಾದಪತ್ರವನ್ನು ಬೇರೆ ಕೋರ್ಟಿನಲ್ಲಿ ಸಲ್ಲಿಸಲೆಂದು ಹಿಂದಿರುಗಿಸಿದರೂ ಸಾಮಾನ್ಯವಾಗಿ ಉಂಟು. ಕೊನೆಯವರೆಗೆ ಕಾದರೆ ಸರಿಪಡಿಸಲಾಗದ ಹಾನಿಯಾಗಬಹುದು, ಅಥವಾ ಆ ಕಕ್ಷಿದಾರನ ಪಾಲಿಗೆ ಅಲ್ಲಿ ಬಾಗಿಲೇ ಮುಚ್ಚಿಹೋಗಬಹುದು. ಈ ಆದೇಶಗಳನ್ನು ಒಂದೆಡೆ ಸೇರಿಸುವ ಕಾರಣ ಇದೇ.

ಪಟ್ಟಿಯಲ್ಲಿದ್ದರೂ ಎರಡು ಕಡಿವಾಣಗಳಿವೆ. ಒಂದು, ಈ ಮೇಲ್ಮನವಿ ಒಂದೇ ಸಲ. ಅದರಲ್ಲಿ ಬಂದ ಆದೇಶದ ಮೇಲೆ ಮತ್ತೊಂದು ಮೇಲ್ಮನವಿ ಇಲ್ಲವೆಂದು 104ನೇ ಕಲಮಿನ ಎರಡನೆಯ ಉಪಕಲಂ ಹೇಳುತ್ತದೆ. ಎರಡು, ತಡೆಯಾಜ್ಞೆಯಂಥ ವಿಷಯದಲ್ಲಿ ಕೆಳಗಿನ ಕೋರ್ಟು ತನ್ನ ವಿವೇಚನೆಯನ್ನು ಬಳಸಿರುತ್ತದೆ. ಆ ವಿವೇಚನೆ ಮನಸೋಇಚ್ಛೆಯದಾಗಿದ್ದರೆ, ಅಥವಾ ಸ್ಥಾಪಿತ ತತ್ತ್ವಗಳನ್ನು ಬಿಟ್ಟುಹೋಗಿದ್ದರೆ ಮಾತ್ರ ಮೇಲಿನ ಕೋರ್ಟು ಕೈಹಾಕಬೇಕು. ‘ನಾನಾಗಿದ್ದರೆ ಬೇರೆ ರೀತಿ ಯೋಚಿಸುತ್ತಿದ್ದೆ’ ಎಂಬುದಷ್ಟೇ ಕಾರಣವಾಗಬಾರದು ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟ್ 1990ರ ಒಂದು ಪ್ರಸಿದ್ಧ ತೀರ್ಪಿನಲ್ಲಿ ಎತ್ತಿಹಿಡಿದಿದೆ.

ಇನ್ನು ಪಟ್ಟಿಯಲ್ಲಿಲ್ಲದ ಆದೇಶಗಳ ಗತಿ ಏನು? ಇಲ್ಲಿ ‘ಪುನರೀಕ್ಷಣೆ’ ಎಂಬ ಇನ್ನೊಂದು ದಾರಿಯಿದೆ. ವಕೀಲರು ಇದನ್ನು ರಿವಿಷನ್ ಎನ್ನುತ್ತಾರೆ. ಮೇಲ್ಮನವಿ ಇಲ್ಲದ ಕಡೆ, ಕೆಳಗಿನ ಕೋರ್ಟು ತನಗಿಲ್ಲದ ಅಧಿಕಾರವನ್ನು ಚಲಾಯಿಸಿದರೆ, ಇರುವ ಅಧಿಕಾರವನ್ನು ಚಲಾಯಿಸದಿದ್ದರೆ, ಅಥವಾ ಕಾನೂನಿಗೆ ವಿರುದ್ಧವಾಗಿ ಚಲಾಯಿಸಿದರೆ ಹೈಕೋರ್ಟ್ ಮಧ್ಯೆ ಪ್ರವೇಶಿಸಬಹುದು. ಇದು 115ನೇ ಕಲಂ. ಈ ಬಾಗಿಲು ಬಹುಕಾಲ ಅಗಲವಾಗಿತ್ತು. 1976ರ ತಿದ್ದುಪಡಿ ಅದನ್ನು ಸ್ವಲ್ಪ ಕಿರಿದುಮಾಡಿದರೂ, ಆದೇಶ ಹಾಗೆಯೇ ಉಳಿದರೆ ನ್ಯಾಯಕ್ಕೆ ಲೋಪವಾಗುತ್ತದೆ ಅಥವಾ ತುಂಬಿಕೊಡಲಾಗದ ಹಾನಿಯಾಗುತ್ತದೆ ಎಂದು ತೋರಿಸಿದವರಿಗೆ ಒಳಗೆ ಹೋಗಲು ಅವಕಾಶವಿತ್ತು. ಅಂಥ ಮಾತನ್ನು ಯಾವ ಕಕ್ಷಿದಾರ ತಾನೇ ಹೇಳಲಾರ?

ಹೀಗಾಗಿ ಇನ್ನೊಂದು ಸುತ್ತು ಸುಧಾರಣೆ ಬಂತು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ನ್ಯಾಯಮೂರ್ತಿ ವಿ. ಎಸ್. ಮಳಿಮಠರ ಅಧ್ಯಕ್ಷತೆಯ ಸಮಿತಿ, ಬಾಕಿ ಪ್ರಕರಣಗಳನ್ನು ಕುರಿತ ತನ್ನ ಅಧ್ಯಯನದಲ್ಲಿ ಈ ಕಲಮನ್ನೂ ಪರಿಶೀಲಿಸಿತ್ತು. ಪುನರೀಕ್ಷಣೆಗೆಂದು ಕೆಳಗಿನ ಕೋರ್ಟಿನ ಕಡತವೇ ಹೈಕೋರ್ಟಿಗೆ ಹೋಗಿಬಿಡುತ್ತದೆ ಎಂಬುದನ್ನು ಅದು ಗಮನಿಸಿತು. ಕಡತ ಅಲ್ಲಿದ್ದರೆ ಇಲ್ಲಿ ವಿಚಾರಣೆ ನಡೆಯುವುದು ಹೇಗೆ? ಕಡತ ಕಳುಹಿಸುವುದನ್ನು ತಪ್ಪಿಸಬೇಕು, ಹೈಕೋರ್ಟಿನ ಮಧ್ಯಪ್ರವೇಶವನ್ನು ಮಿತಗೊಳಿಸಬೇಕು ಎಂಬುದು ಅದರ ನಿಲುವಾಗಿತ್ತು. 1999ರಲ್ಲಿ ಸಂಸತ್ತು ಅಂಗೀಕರಿಸಿದ ತಿದ್ದುಪಡಿ 2002ರ ಜುಲೈ 1ರಿಂದ ಜಾರಿಗೆ ಬಂತು. ಅಂದಿನಿಂದ ಅಳತೆಗೋಲು ಒಂದೇ. ಅರ್ಜಿದಾರನು ಕೇಳಿದಂತೆಯೇ ಆದೇಶವಾಗಿದ್ದರೆ ದಾವೆ ಅಲ್ಲಿಗೇ ಮುಗಿದುಹೋಗುತ್ತಿತ್ತೇ? ಮುಗಿಯುತ್ತಿತ್ತು ಎಂದಾದರೆ ಪುನರೀಕ್ಷಣೆ ಉಂಟು, ಇಲ್ಲವಾದರೆ ಇಲ್ಲ. 2003ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು. ಪುನರೀಕ್ಷಣೆಯ ಅರ್ಜಿ ಹಾಕಿದ ಮಾತ್ರಕ್ಕೆ ದಾವೆ ನಿಲ್ಲುವುದಿಲ್ಲ, ಹೈಕೋರ್ಟ್ ತಡೆ ಕೊಟ್ಟರೆ ಮಾತ್ರ ನಿಲ್ಲುತ್ತದೆ ಎಂಬ ಮಾತೂ ಈಗ ಕಲಮಿನಲ್ಲೇ ಇದೆ.

ಈ ಅಳತೆಗೋಲನ್ನು ನಮ್ಮ ಉದಾಹರಣೆಗೆ ಹಚ್ಚಿ ನೋಡಿ. ವಾದಪತ್ರ ತಿರಸ್ಕರಿಸಿ ಎಂದು ತಮ್ಮ ಕೇಳಿದ್ದ. ಕೋರ್ಟು ಒಪ್ಪಲಿಲ್ಲ. ಒಪ್ಪಿದ್ದರೆ ದಾವೆ ಮುಗಿಯುತ್ತಿತ್ತು. ಆದ್ದರಿಂದ ಅವನು ಪುನರೀಕ್ಷಣೆ ಕೇಳಬಹುದು. ಒಂದು ವೇಳೆ ಕೋರ್ಟು ಒಪ್ಪಿ ವಾದಪತ್ರವನ್ನು ತಿರಸ್ಕರಿಸಿದ್ದರೆ? ಆಗ ಅದನ್ನು ಡಿಕ್ರಿ ಎಂದೇ ಕಾನೂನು ಭಾವಿಸುತ್ತದೆ; ಅಕ್ಕನಿಗೆ ನೇರವಾಗಿ ಮೇಲ್ಮನವಿಯ ಹಕ್ಕಿದೆ. ಅಕ್ಕನ ತಿದ್ದುಪಡಿ ಅರ್ಜಿಯೋ? ಅದನ್ನು ಒಪ್ಪಿದ್ದರೂ ದಾವೆ ಮುಗಿಯುತ್ತಿರಲಿಲ್ಲ. ಹಾಗಾಗಿ ಪುನರೀಕ್ಷಣೆಯೂ ಇಲ್ಲ, ಮೇಲ್ಮನವಿಯೂ ಇಲ್ಲ.

ಒಂದು ಬಾಗಿಲು ಮುಚ್ಚಿದರೆ ಜನ ಇನ್ನೊಂದನ್ನು ತಟ್ಟುವುದು ಲೋಕರೂಢಿ. ಕೆಳಗಿನ ನ್ಯಾಯಾಲಯಗಳ ಮೇಲೆ ಹೈಕೋರ್ಟಿಗೆ ಮೇಲ್ವಿಚಾರಣೆಯ ಅಧಿಕಾರವನ್ನು ಸಂವಿಧಾನದ 227ನೇ ವಿಧಿ ಕೊಟ್ಟಿದೆ. ಪುನರೀಕ್ಷಣೆ ಕಿರಿದಾದ ಮೇಲೆ ಕಕ್ಷಿದಾರರು ಈ ವಿಧಿಯತ್ತ ತಿರುಗಿದರು. ಸಂವಿಧಾನ ಕೊಟ್ಟ ಅಧಿಕಾರವನ್ನು ಸಂಹಿತೆಯ ತಿದ್ದುಪಡಿ ಕಿತ್ತುಕೊಳ್ಳಲಾರದು, ನಿಜ. ಆದರೆ ಅದನ್ನು ಮೇಲ್ಮನವಿಯಂತೆ ಬಳಸಬಾರದು, ಎದ್ದು ಕಾಣುವ ಅನ್ಯಾಯವಿದ್ದಾಗ ಅಪರೂಪಕ್ಕೆ ಬಳಸಬೇಕು ಎಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ಸಿವಿಲ್ ಕೋರ್ಟುಗಳ ಆದೇಶಗಳ ವಿರುದ್ಧ 226ನೇ ವಿಧಿಯ ರಿಟ್ ಅರ್ಜಿ ಸಲ್ಲದು ಎಂದು 2015ರಲ್ಲಿ ತೀರ್ಮಾನಿಸಿತು. ಅದೇ 2015ರಲ್ಲಿ ಬಂದ ವಾಣಿಜ್ಯ ನ್ಯಾಯಾಲಯಗಳ ಕಾಯಿದೆ ಇನ್ನೂ ಕಟ್ಟುನಿಟ್ಟು. ಅದರ ವ್ಯಾಪ್ತಿಯ ವ್ಯಾಜ್ಯಗಳಲ್ಲಿ ಮಧ್ಯಂತರ ಆದೇಶದ ಮೇಲೆ ಪುನರೀಕ್ಷಣೆಯೇ ಇಲ್ಲ. ಆಕ್ಷೇಪವೇನಿದ್ದರೂ ಡಿಕ್ರಿಯ ಮೇಲಿನ ಮೇಲ್ಮನವಿಯಲ್ಲಿ ಎತ್ತಬೇಕು.

ಈವರೆಗೆ ‘ಕಾಯಿರಿ, ಹಕ್ಕು ಹೋಗುವುದಿಲ್ಲ’ ಎಂದು ಹೇಳುತ್ತಾ ಬಂದೆ. ಕಾದರೆ ಹಕ್ಕೇ ಹೋಗುವ ಎರಡು ಕಡೆಗಳಿವೆ. ಇವನ್ನು ಚೆನ್ನಾಗಿ ನೆನಪಿಡಿ. ಮೊದಲನೆಯದು ಪ್ರಾರಂಭಿಕ ಡಿಕ್ರಿ. ವಿಭಾಗದ ದಾವೆಯಲ್ಲಿ ಕೋರ್ಟು ಮೊದಲು ಯಾರಿಗೆ ಎಷ್ಟು ಪಾಲು ಎಂದು ತೀರ್ಮಾನಿಸುತ್ತದೆ. ಆಮೇಲೆ ಅಳತೆಮಾಡಿಸಿ, ಗಡಿ ಗುರುತಿಸಿ ಅಂತಿಮ ಡಿಕ್ರಿ ಕೊಡುತ್ತದೆ. ‘ಇದು ಪ್ರಾರಂಭಿಕ ತಾನೆ, ಅಂತಿಮ ಡಿಕ್ರಿ ಬಂದ ಮೇಲೆ ನೋಡೋಣ’ ಎಂದು ತಮ್ಮ ಸುಮ್ಮನಿದ್ದರೆ, ಅಕ್ಕನಿಗೆ ಅರ್ಧ ಪಾಲು ಎಂಬ ತೀರ್ಮಾನವನ್ನು ಅಂತಿಮ ಡಿಕ್ರಿಯ ಮೇಲಿನ ಮೇಲ್ಮನವಿಯಲ್ಲಿ ಪ್ರಶ್ನಿಸಲಾರ. 97ನೇ ಕಲಂ ಹಾಗೆಂದು ಸ್ಪಷ್ಟವಾಗಿ ಹೇಳಿದೆ. ಎರಡನೆಯದು, ಮೇಲ್ಮನವಿ ಕೇಳಿದ ಕೋರ್ಟು ಪ್ರಕರಣವನ್ನು ಮರುವಿಚಾರಣೆಗಾಗಿ ಕೆಳಗಿನ ಕೋರ್ಟಿಗೆ ಹಿಂದಕ್ಕೆ ಕಳುಹಿಸುವ ಆದೇಶ. ಅದರ ಮೇಲೆ ಮೇಲ್ಮನವಿಗೆ ಅವಕಾಶವಿದ್ದೂ ಹೋಗದಿದ್ದರೆ, ಅದು ಸರಿಯೇ ತಪ್ಪೇ ಎಂಬ ಚರ್ಚೆ ಅಲ್ಲಿಗೆ ಮುಗಿಯಿತು. ಕಾರಣ ಸರಳ. ಇವೆರಡೂ ಮುಂದಿನ ಕೆಲಸಕ್ಕೆಲ್ಲ ತಳಪಾಯ. ತಳಪಾಯದ ತಕರಾರನ್ನು ಗೋಡೆ ಎದ್ದ ಮೇಲೆ ತೆಗೆಯಬಾರದು.

ಗಡುವಿನ ಮಾತನ್ನೂ ಮರೆಯಬಾರದು. ಸಂಹಿತೆಯ ಪ್ರಕಾರ ಸಲ್ಲಿಸುವ ಮೇಲ್ಮನವಿ ಹೈಕೋರ್ಟಿಗಾದರೆ 90 ದಿನ, ಇತರ ನ್ಯಾಯಾಲಯಕ್ಕಾದರೆ 30 ದಿನ ಎಂದು 1963ರ ಕಾಲಮಿತಿ ಕಾಯಿದೆ ಗೊತ್ತುಪಡಿಸಿದೆ. ದೃಢೀಕೃತ ನಕಲು ಪಡೆಯಲು ಹಿಡಿದ ದಿನಗಳನ್ನು ಈ ಲೆಕ್ಕದಿಂದ ಬಿಡಲಾಗುತ್ತದೆ. ಆದ್ದರಿಂದ ಮನೆಯಲ್ಲಿ ದಾವೆಯಿದ್ದರೆ, ಆದೇಶ ಬಂದ ದಿನವೇ ವಕೀಲರನ್ನು ಮೂರು ಮಾತು ಕೇಳಿ. ಈ ಆದೇಶ ಮೇಲ್ಮನವಿಯ ಪಟ್ಟಿಯಲ್ಲಿದೆಯೇ? ಇಲ್ಲವಾದರೆ ನಮ್ಮ ಆಕ್ಷೇಪ ಕಡತದಲ್ಲಿ ದಾಖಲಾಗಿದೆಯೇ? ಇದು ಈಗಲೇ ಪ್ರಶ್ನಿಸದಿದ್ದರೆ ಕೈತಪ್ಪಿಹೋಗುವ ಜಾತಿಯದೇ?

ಇಷ್ಟು ಹೇಳಿದ ಮೇಲೂ ಒಂದು ಕಷ್ಟದ ಮಾತು ಉಳಿಯುತ್ತದೆ. ತಪ್ಪು ಆದೇಶದ ಭಾರವನ್ನು ದಾವೆ ಮುಗಿಯುವವರೆಗೆ ಯಾರೋ ಒಬ್ಬರು ಹೊರಲೇಬೇಕು. ಬಿಟ್ಟುಹೋದ ಸರ್ವೆ ನಂಬರನ್ನು ಸೇರಿಸಲಾಗದ ಅಕ್ಕ, ಕೊನೆಯಲ್ಲಿ ಮೇಲಿನ ಕೋರ್ಟಿನಲ್ಲಿ ಗೆದ್ದರೆ ಸಿಗುವುದೇನು? ಬಹುಶಃ ಇನ್ನೊಂದು ಸುತ್ತಿನ ವಿಚಾರಣೆ. ಅಷ್ಟು ಕಾಲ ಕಾಯಲಾರದವರು ಸಿಕ್ಕಷ್ಟಕ್ಕೆ ರಾಜಿಯಾಗಿಬಿಡುತ್ತಾರೆ. ಒಬ್ಬರ ಮೇಲೆ ಬೀಳುವ ಈ ಭಾರ ಎಲ್ಲರ ದಾವೆಗಳೂ ಬೇಗ ಮುಗಿಯಲಿ ಎಂಬ ಉದ್ದೇಶಕ್ಕೆ ನಾವು ತೆರುವ ಬೆಲೆ. ಈ ಬೆಲೆ ನ್ಯಾಯವಾದದ್ದು ಎನ್ನಿಸಿಕೊಳ್ಳಬೇಕಾದರೆ ಎರಡು ಷರತ್ತುಗಳು ನಡೆಯಬೇಕು. ಮೇಲೆ ಕೂಡಲೇ ತಿದ್ದುವವರಿಲ್ಲ ಎಂಬ ಅರಿವಿನಿಂದ ಕೆಳಗಿನ ನ್ಯಾಯಾಲಯ ಪ್ರತಿ ಆದೇಶವನ್ನೂ ಕಾರಣ ಕೊಟ್ಟು, ಎಚ್ಚರದಿಂದ ಬರೆಯಬೇಕು. ಎರಡನೆಯದು ಇನ್ನೂ ಮುಖ್ಯ. ‘ಕೊನೆಯಲ್ಲಿ ಕೇಳುತ್ತೇನೆ’ ಎಂದು ಮಾತುಕೊಟ್ಟ ಕಾನೂನು ಆ ಕೊನೆಯನ್ನು ಬೇಗ ತರಬೇಕು. ಎರಡು ವರ್ಷದಲ್ಲಿ ಮುಗಿಯುವ ದಾವೆಯಲ್ಲಿ ‘ಕಾಯಿರಿ’ ಎಂಬುದು ಶಿಸ್ತು. ಇಪ್ಪತ್ತು ವರ್ಷ ಎಳೆಯುವ ದಾವೆಯಲ್ಲಿ ಅದೇ ಮಾತು ಶಿಕ್ಷೆ.

ನಿಮ್ಮಲ್ಲಿ ಕೆಲವರು ಮುಂದೆ ವಕೀಲರಾಗುವಿರಿ, ನ್ಯಾಯಾಧೀಶರಾಗುವಿರಿ. ಹಲವರು ಕಕ್ಷಿದಾರರಾಗಿ ಕೋರ್ಟಿನ ಬೆಂಚಿನ ಮೇಲೆ ಕೂರುವಿರಿ. ಯಾವ ಸ್ಥಾನದಲ್ಲಿದ್ದರೂ, ಒಂದು ಆದೇಶ ಕೈಗೆ ಬಂದಾಗ ಸಿಟ್ಟಿಗೆ ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಿ: ಇದರಿಂದ ಆಗುವ ಹಾನಿಯನ್ನು ಕೊನೆಯಲ್ಲಿ ಸರಿಪಡಿಸಬಹುದೇ? ಸರಿಪಡಿಸಲಾಗದು ಎಂದಾದರೆ ಗಡುವು ಮೀರುವ ಮೊದಲೇ ತೆರೆದಿರುವ ದಾರಿಯನ್ನು ಹುಡುಕಿ. ಸರಿಪಡಿಸಬಹುದು ಎಂದಾದರೆ ಆಕ್ಷೇಪವನ್ನು ಬರೆದಿಟ್ಟು, ದಾವೆಯನ್ನು ಮುಂದಕ್ಕೆ ನಡೆಸಿ.